ಅಂಗೈ ಹುಣ್ಣಿಗೆ ಕನ್ನಡಿ

(ಹಾಸನದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ನಮ್ಮ ಹಿರಿಯರು ಕೇಳಿದರು. ಬೇಡ ಎಂಬ ಉತ್ತರ ಆ ಪ್ರಶ್ನೆಯೊಳಗೇ ಇದೆ. ಮೂವತ್ತು ವರ್ಷ ಚರ್ಮದ ಡಾಕ್ಟರಾಗಿ ಕೂತ ಮೇಲೆ ನಾನು ಆ ಗಾದೆಗೆ ಸಣ್ಣದೊಂದು ತಕರಾರು ಎತ್ತುತ್ತೇನೆ. ಹುಣ್ಣು ರೋಗಿಗೆ ಕಾಣುತ್ತದೆ, ನಿಜ. ಆದರೆ ಅದು ಏನು ಎಂದು ಹೇಳಬೇಕಾದವನು ಮೂವತ್ತು ಕಿಲೋಮೀಟರ್ ಆಚೆ ಕೂತಿದ್ದಾನಲ್ಲ, ಅವನಿಗೆ ಕಾಣಬೇಕಾದರೆ ಕನ್ನಡಿ ಬೇಕು. ಆ ಕನ್ನಡಿ ಈಗ ಎಲ್ಲರ ಜೇಬಿನಲ್ಲಿದೆ. ಅದು ಏನನ್ನು ತೋರಿಸುತ್ತದೆ, ಏನನ್ನು ನುಂಗಿಹಾಕುತ್ತದೆ ಎಂಬುದೇ ಇವತ್ತಿನ ನನ್ನ ಮಾತು.

ಹಾಸನಕ್ಕೆ ಬರುವ ದಾರಿಯನ್ನೇ ಮೊದಲು ನೋಡಿ. ಹೊಳೆನರಸೀಪುರಕ್ಕೆ ಅರಸೀಕೆರೆ–ಮೈಸೂರು ರೈಲು ಬಹಳ ಕಾಲದಿಂದ ಇದೆ. ಚನ್ನರಾಯಪಟ್ಟಣಕ್ಕೆ 2017ರಲ್ಲಿ ಬೆಂಗಳೂರು ರೈಲು ಬಂತು. ಅರಕಲಗೂಡಿಗೆ ಇಂದಿಗೂ ಬಸ್ಸೇ ಗತಿ. ಕೊಣನೂರು ಕಡೆಯ ಹಳ್ಳಿಯ ಹೆಂಗಸೊಬ್ಬಳು ಕೈಮೇಲಿನ ದದ್ದು ತೋರಿಸಲು ಹಾಸನಕ್ಕೆ ಬರಬೇಕೆಂದರೆ ಬೆಳಗಿನ ಬಸ್ಸು ಹಿಡಿಯಬೇಕು, ಒಂದು ದಿನದ ಕೂಲಿ ಬಿಡಬೇಕು, ಜೊತೆಗೊಬ್ಬರನ್ನು ಕರೆತರಬೇಕು, ಅವರ ಕೂಲಿಯೂ ಹೋಯಿತು. ಚೀಟಿ ಮಾಡಿಸಿ ಕಾದು ಒಳಗೆ ಬಂದರೆ ನಾನು ನೋಡುವುದು ಮೂರು ನಿಮಿಷ. "ಇಷ್ಟೇನಾ ಸಾ?" ಎಂದು ಒಬ್ಬಾಕೆ ಕೇಳಿಯೇಬಿಟ್ಟಳು. ಆಕೆಗೆ ಮೋಸವಾಗಿರಲಿಲ್ಲ. ಕಾಯಿಲೆ ಮೊದಲ ನೋಟಕ್ಕೇ ಗೊತ್ತಾಗಿತ್ತು, ಉಳಿದ ಎರಡೂವರೆ ನಿಮಿಷ ಔಷಧಿ ಬರೆಯಲು ಹಿಡಿಯಿತು. ಆದರೆ ಆ ಒಂದು ನೋಟಕ್ಕಾಗಿ ಇಬ್ಬರು ಹೆಂಗಸರ ಒಂದಿಡೀ ದಿನ ಹೋಯಿತಲ್ಲ ಎಂಬುದು ನನ್ನ ತಲೆಯಿಂದ ಹೋಗಲಿಲ್ಲ.

ಚರ್ಮವೊಂದೇ ಹೊರಗೆ ಹಾಕಿಕೊಂಡ ಅಂಗ. ಲಿವರಿನ ಕಾಯಿಲೆಗೆ ಕಣ್ಣು ಸಾಲದು, ಚರ್ಮದ್ದಕ್ಕೆ ಬಹುಪಾಲು ಸಾಕು. ನಮ್ಮ ಜನ ಇಟ್ಟ ಹೆಸರುಗಳನ್ನೇ ನೋಡಿ. ಸೊಂಟ ಬಳಸಿ ಬಂದ ಗುಳ್ಳೆಸಾಲು ಸರ್ಪಸುತ್ತು. ಅಂಚು ಉಬ್ಬಿ ದುಂಡಗೆ ಹರಡುವುದು ಹುಳುಕಡ್ಡಿ. ಅಗಲವಾಗಿ ದಪ್ಪಗಟ್ಟಿದರೆ ಆನೆಕಿವಿ ಕಂಡಂತಾಗಿ ಗಜಕರ್ಣ. ಕೆನ್ನೆಯ ಮೇಲಿನ ಕರಿಛಾಯೆ ಬಂಗು, ಎದೆಯ ಮೇಲಿನ ಬಿಳಿಚುಕ್ಕೆ ಚಿಬ್ಬು. ಎಲ್ಲ ಕಣ್ಣಿನಿಂದ ಇಟ್ಟ ಹೆಸರುಗಳು. ಇವುಗಳ ಜೊತೆಗೇ ಇನ್ನೊಂದು ಜಾತಿಯ ಮಾತುಗಳಿವೆ: ನವೆ, ಉರಿ, ಚುಳುಕು, ಜೋಮು. ಇವು ಮೈಯೊಳಗಿನಿಂದ ಎದ್ದ ಮಾತುಗಳು, ಯಾವ ಕ್ಯಾಮೆರಾಕ್ಕೂ ಸಿಕ್ಕುವುದಿಲ್ಲ. ಮೊದಲ ಜಾತಿಯದನ್ನು ಫೋನು ಹೊತ್ತು ತರುತ್ತದೆ. ಎರಡನೆಯದನ್ನು ಕೇಳಿಯೇ ತಿಳಿಯಬೇಕು, ಕೆಲವನ್ನು ಮುಟ್ಟಿಯೇ ತಿಳಿಯಬೇಕು. ಅರಕಲಗೂಡು, ರಾಮನಾಥಪುರದ ಕಡೆ ಇಬ್ಬನಿಯಲ್ಲಿ ನೆಂದ ಹೊಗೆಸೊಪ್ಪು ಮುರಿಯುವವರಿಗೆ ಎಲೆಯ ನಿಕೋಟಿನ್ ಚರ್ಮದ ಮೂಲಕವೇ ಒಳಕ್ಕಿಳಿದು ತಲೆಸುತ್ತು, ವಾಂತಿ ಬರುತ್ತದೆ. ಅವರ ಕೈಯ ಫೋಟೋ ತೆಗೆದು ನೋಡಿ, ಏನೂ ಇರುವುದಿಲ್ಲ. ಬೆಳಿಗ್ಗೆ ಯಾವ ಕೆಲಸ ಮಾಡಿದೆಯವ್ವ ಎಂದು ಕೇಳಿದವನಿಗೆ ಮಾತ್ರ ಅದು ಗೊತ್ತಾಗುತ್ತದೆ.

ದೂರದಿಂದ ಚರ್ಮ ನೋಡುವ ಆಸೆ ವಾಟ್ಸಾಪಿಗಿಂತ ಹಳೆಯದು. ಅಮೆರಿಕದ ಬೋಸ್ಟನ್ನಿನಲ್ಲಿ 1968ರ ಸುಮಾರಿಗೇ ವಿಮಾನ ನಿಲ್ದಾಣದಿಂದ ದೊಡ್ಡಾಸ್ಪತ್ರೆಗೆ ಟೆಲಿವಿಷನ್ ಜೋಡಿಸಿ ರೋಗಿಗಳನ್ನು ನೋಡಿದರು. ಟೀವಿ ಪರದೆಯ ಮೇಲೆ ಚರ್ಮರೋಗವನ್ನು ಎಷ್ಟರಮಟ್ಟಿಗೆ ಸರಿಯಾಗಿ ಗುರುತಿಸಬಹುದು ಎಂದು ಅಲ್ಲಿಯವರು 1972ರಲ್ಲಿ ಬರೆದರು. ಟೆಲಿಡರ್ಮಟಾಲಜಿ ಎಂಬ ಹೆಸರು ಹುಟ್ಟಿದ್ದು 1995ರಲ್ಲಿ. ನಮ್ಮ ರಾಜ್ಯದಲ್ಲಿ 2002ರ ಹೊತ್ತಿಗೆ ಇಸ್ರೋ ನೆರವಿನಿಂದ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಮೆಮೋರಿಯಲ್ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಉಪಗ್ರಹದ ಮೂಲಕ ಜೋಡಿಸಿದ್ದರು. ಅದು ಮುಖ್ಯವಾಗಿ ಹೃದಯದ ಕೆಲಸ, ಚರ್ಮದ್ದಲ್ಲ. ಆದರೂ ಹಾಸನದವನಾಗಿ ಒಂದು ಮಾತು ಹೇಳದೆ ಬಿಡಲಾರೆ. ಇನ್ಸಾಟ್ ಉಪಗ್ರಹಗಳ ಲಗಾಮು ಇರುವುದು ಇಲ್ಲೇ, ಸಾಲಗಾಮೆ ರಸ್ತೆಯಲ್ಲಿ. 1982ರಿಂದ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ನಮ್ಮೂರಿನಲ್ಲಿದೆ. ಆಕಾಶದ ಯಂತ್ರವನ್ನು ಇಲ್ಲಿಂದ ಓಡಿಸುವ ಕಾಲದಲ್ಲಿ ದೊಡ್ಡಮಗ್ಗೆಯ ಅಜ್ಜಿಯ ಕಾಲಿನ ಇಸುಬು ನೋಡಲು ಅಜ್ಜಿಯನ್ನೇ ಬಸ್ಸಿಗೆ ಹತ್ತಿಸುತ್ತಿದ್ದೆವು.

ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ಡಾ. ಜಿ.ಆರ್. ಕಾಂತರಾಜ್ ಅವರನ್ನು ಇಲ್ಲಿ ನೆನೆಯಬೇಕು. ಯಾವ ಚರ್ಮರೋಗಕ್ಕೆ ಯಾವ ತಂತ್ರ ಒಗ್ಗುತ್ತದೆ ಎಂದು ವಿಂಗಡಿಸಿ ಅವರು 2009ರಲ್ಲೇ ಯುರೋಪಿನ ಚರ್ಮವೈದ್ಯ ಪತ್ರಿಕೆಯಲ್ಲಿ ಬರೆದರು. ಫೋಟೋ ಕಳಿಸಿ ಆಮೇಲೆ ಉತ್ತರ ಪಡೆಯುವುದು ಒಂದು ದಾರಿ, ಮುಖಾಮುಖಿ ವಿಡಿಯೊ ಇನ್ನೊಂದು, ಎರಡನ್ನೂ ಬೆರೆಸುವುದು ಮತ್ತೊಂದು. ಇದನ್ನು ಕಾಯಿಲೆ ನೋಡಿ ಆರಿಸಬೇಕೇ ಹೊರತು ಯಂತ್ರ ನೋಡಿ ಅಲ್ಲ. ಆಗ ನಮ್ಮಲ್ಲಿ ಅನೇಕರು ಇದನ್ನು ಹವ್ಯಾಸ ಎಂದುಕೊಂಡಿದ್ದೆವು, ನಾನೂ ಅವರಲ್ಲೊಬ್ಬ.

ಆಮೇಲೆ ಕೊರೊನಾ ಬಂತು. 2020ರ ಮಾರ್ಚ್ 25ರಂದು ದೇಶಕ್ಕೆ ಬೀಗ ಬಿತ್ತು. ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಬಿದ್ದದ್ದೂ ಅದೇ ದಿನಾಂಕದಲ್ಲಿ. ಅಲ್ಲಿಯವರೆಗೆ ಫೋನಿನಲ್ಲಿ ಔಷಧಿ ಹೇಳುವುದು ತಪ್ಪೋ ಸರಿಯೋ ಎಂದು ಅಳುಕುತ್ತಿದ್ದ ನಮಗೆ ಗೆರೆ ಎಳೆದು ಕೊಟ್ಟರು. ವೈದ್ಯ ತನ್ನ ನೋಂದಣಿ ಸಂಖ್ಯೆ ತಿಳಿಸಬೇಕು, ರೋಗಿಯ ಹೆಸರು, ವಯಸ್ಸು ಖಚಿತಪಡಿಸಿಕೊಳ್ಳಬೇಕು, ಬರೆದದ್ದಕ್ಕೆ ದಾಖಲೆ ಇಡಬೇಕು. ಕ್ಲೋಟ್ರಿಮಜೋಲ್, ಮುಪಿರೋಸಿನ್‌ನಂಥ ಮುಲಾಮುಗಳನ್ನು ಮೊದಲ ಭೇಟಿಯಲ್ಲೇ ಬರೆಯಬಹುದು, ಆದರೆ ಆ ಭೇಟಿ ವಿಡಿಯೊದಲ್ಲಿ ಆಗಬೇಕು. ಸಾಲದೆನಿಸಿದರೆ ಯಾವ ಹೊತ್ತಿನಲ್ಲಾದರೂ 'ಖುದ್ದಾಗಿ ಬನ್ನಿ' ಎನ್ನುವ ಹಕ್ಕು ವೈದ್ಯನದು. ಏಪ್ರಿಲ್‌ನಲ್ಲಿ ಮನೆಯಿಂದಲೇ ಡಾಕ್ಟರನ್ನು ಕಾಣುವ ಸರ್ಕಾರಿ ಜಾಲ, ಇ-ಸಂಜೀವಿನಿ ಒಪಿಡಿ, ಶುರುವಾಯಿತು, ಅದನ್ನು ಹೆಚ್ಚು ಬಳಸಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಈಗ ಉಪಕೇಂದ್ರದಲ್ಲಿರುವ ಸಮುದಾಯ ಆರೋಗ್ಯ ಅಧಿಕಾರಿ, ಅಂದರೆ ನೀವೆಲ್ಲ ಸಿಎಚ್‌ಓ ಎನ್ನುವ ಹುಡುಗಿ ಅಥವಾ ಹುಡುಗ, ರೋಗಿಯ ಪಕ್ಕದಲ್ಲಿ ಕೂತು ಈ ಜಾಲದ ಮೂಲಕ ಡಾಕ್ಟರನ್ನು ಕೂಡಿಸಬಹುದು. ಈ ಮೂರನೆಯವರ ಮಾತು ಮುಂದೆ ಬರುತ್ತದೆ, ನನ್ನ ಲೆಕ್ಕದಲ್ಲಿ ಇಡೀ ವಿಷಯದ ತಿರುಳೇ ಅವರು.

ವಿಡಿಯೊ ನನಗೆ ಕೊಟ್ಟ ಒಂದು ಪಾಠವನ್ನು ಮೊದಲು ಹೇಳುತ್ತೇನೆ. ಚನ್ನರಾಯಪಟ್ಟಣ ತಾಲ್ಲೂಕಿನ ರೈತರೊಬ್ಬರು, ಅರವತ್ತರ ಹತ್ತಿರ. ವರ್ಷಗಳಿಂದ ಮುಖ, ಕತ್ತು, ಮೊಣಕೈ ಮಡಿಕೆಗಳಲ್ಲಿ ನವೆ. ಚರ್ಮ ಒರಟಾಗಿ ಕಪ್ಪಿಟ್ಟು ನೆರಿಗೆ ಕಟ್ಟಿತ್ತು. ನನ್ನ ಕೋಣೆಗೆ ಎರಡು ಮೂರು ಸಲ ಬಂದಿದ್ದರು. ನಾನು ಬಿಸಿಲಿನ ಅಲರ್ಜಿ ಎಂದು ಬರೆದಿದ್ದೆ, ಟೋಪಿ ಹಾಕಿಕೊಳ್ಳಿ ಎಂದಿದ್ದೆ. ಬೀಗದ ದಿನಗಳಲ್ಲಿ ಅವರ ಮಗ ವಿಡಿಯೊ ಮಾಡಿದ. ಅಪ್ಪನನ್ನು ಜಗಲಿಯ ಮೇಲೆ ಕೂರಿಸಿ ಕಣ್ಣು ಮುಚ್ಚಿಸಿದ್ದ. ರೆಪ್ಪೆಯ ಮೇಲೂ, ಗದ್ದದ ಕೆಳಗೂ, ಕಿವಿಯ ಹಿಂದೂ ಅದೇ ಒರಟು. ಬಿಸಿಲು ಬೀಳದ ಜಾಗಗಳವು. ಇದನ್ನು ನಾನು ಎದುರಿಗಿದ್ದಾಗಲೇ ನೋಡಬೇಕಿತ್ತು. ಅಷ್ಟರಲ್ಲಿ ಹುಡುಗ ಫೋನು ಸ್ವಲ್ಪ ಸರಿಸಿದ. ಅಪ್ಪನ ಬೆನ್ನ ಹಿಂದೆ, ಕೊಟ್ಟಿಗೆಯಿಂದ ತಿಪ್ಪೆಯವರೆಗೆ ಎದೆಯೆತ್ತರ ಬೆಳೆದು ಬೆಳ್ಳಗೆ ಹೂಬಿಟ್ಟು ನಿಂತಿತ್ತು ಕಾಂಗ್ರೆಸ್ ಗಿಡ.

ನೀವೆಲ್ಲ ಬಲ್ಲ ಪಾರ್ಥೇನಿಯಂ. 1950ರ ದಶಕದಲ್ಲಿ ಆಮದು ಗೋಧಿಯ ಜೊತೆ ಬಂದು ಪುಣೆಯ ಕಡೆ ಮೊದಲು ಕಾಣಿಸಿಕೊಂಡು, ನಮ್ಮ ಹೊಲದ ಬದು, ರೈಲುಹಳಿ, ಖಾಲಿ ಸೈಟು ಎಲ್ಲವನ್ನೂ ಆಳಿದ ಗಿಡ. ಅದರ ಪಾರ್ಥೆನಿನ್ ಎಂಬ ಅಂಶ ಒಣಪುಡಿಯಾಗಿ ಗಾಳಿಯಲ್ಲಿ ತೇಲಿ, ಒಗ್ಗದವರ ಮೈಮೇಲೆ ಕೂರುತ್ತದೆ. ಗಾಳಿಗೆ ರೆಪ್ಪೆ, ಗದ್ದದಡಿ ಎಂಬ ಭೇದವಿಲ್ಲ. ಆ ರೈತರಿಗೆ ಔಷಧಿ ಬೇರೆಯಾಯಿತು, ಅದಕ್ಕಿಂತ ಮುಖ್ಯವಾಗಿ ಗಿಡ ಕೀಳಿಸಿದೆವು. ಅವರ ಕೈಯಿಂದ ಅಲ್ಲ, ಒಗ್ಗುವವರಿಂದ, ಕೈಗೆ ಗವಸು ಹಾಕಿಸಿ. ನನ್ನ ಕ್ಲಿನಿಕ್ಕಿನ ಬಿಳಿಗೋಡೆಯ ಮುಂದೆ ಕೂತ ರೋಗಿಯ ಬೆನ್ನ ಹಿಂದೆ ಎಂದೂ ಯಾವ ಗಿಡವೂ ಬೆಳೆದಿರಲಿಲ್ಲ. ದೂರದ ಚಿಕಿತ್ಸೆ ಎಂದು ಕರೆಯುತ್ತೇವಲ್ಲ, ಅವತ್ತು ನಾನು ಮೊದಲ ಸಲ ರೋಗಿಯ ಮನೆಗೆ ಹೋಗಿದ್ದೆ.

ಅಂದಿನಿಂದ ಯಾರ ವಿಡಿಯೊ ಬಂದರೂ ಸುತ್ತ ಒಮ್ಮೆ ತೋರಿಸಿ ಎನ್ನುತ್ತೇನೆ. ಒಂದೇ ತಂತಿಯ ಮೇಲೆ ಮನೆಮಂದಿಯ ಬಟ್ಟೆ ಒಣಗುತ್ತಿರುತ್ತದೆ, ಸಿಮೆಂಟು ಮೂಟೆ ಇರುತ್ತದೆ, ಅಡುಗೆಮನೆಯ ಗೂಡಿನಲ್ಲಿ ಒತ್ತಿ ಒತ್ತಿ ಚಪ್ಪಟೆಯಾದ ಟ್ಯೂಬು ಇರುತ್ತದೆ.

ಆ ಟ್ಯೂಬಿನ ಬಗ್ಗೆ ಸ್ವಲ್ಪ ಕೋಪದಿಂದಲೇ ಮಾತಾಡುತ್ತೇನೆ, ಕ್ಷಮಿಸಿ. ಹುಳುಕಡ್ಡಿ ಎಂಬುದು ನಮ್ಮ ಕಾಲದಲ್ಲಿ ಎರಡು ವಾರದ ಮುಲಾಮಿಗೆ ಬಗ್ಗುತ್ತಿದ್ದ ಶಿಲೀಂಧ್ರ. ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಅದು ಮನೆಮನೆಯ ಪೀಡೆಯಾಗಿದೆ. ಅದರ ಒಂದು ತಳಿಗೆ 2020ರಲ್ಲಿ ಇಂಡಿಯಾದ ಹೆಸರನ್ನೇ ಸೇರಿಸಿ ಟ್ರೈಕೋಫೈಟಾನ್ ಇಂಡೋಟಿನಿಯೆ ಎಂದು ಕರೆದರು. ನಾವು ಹೆಮ್ಮೆಪಡುವ ಸಂಗತಿಯಲ್ಲ. ಅಂಗಡಿಯಲ್ಲಿ ಕೇಳಿ ತಂದ ಟ್ಯೂಬಿನಲ್ಲಿ ಶಿಲೀಂಧ್ರದ ಔಷಧಿಯ ಜೊತೆ ಕ್ಲೋಬೆಟಸಾಲ್ ಅಥವಾ ಬೀಟಾಮೆಥಸೋನ್ ಎಂಬ ಬಲವಾದ ಸ್ಟೆರಾಯ್ಡ್ ಕಲಸಿರುತ್ತದೆ. ಹಚ್ಚಿದ ಎರಡು ದಿನಕ್ಕೆ ನವೆ ಮಾಯ. ಕೆಳಗೆ ಶಿಲೀಂಧ್ರ ನಿರಾತಂಕವಾಗಿ ಹರಡುತ್ತದೆ. ಬಿಟ್ಟರೆ ಮೊದಲಿಗಿಂತ ಜೋರು, ಮತ್ತೆ ಟ್ಯೂಬು. ಆಡುಮಾತಿನ 'ದುಂಡಗಿನ ಉಂಗುರ' ಅಳಿಸಿಹೋಗಿ ಕಾಯಿಲೆ ವೇಷ ಮರೆಸಿಕೊಳ್ಳುತ್ತದೆ, ಫೋಟೋದಲ್ಲಿ ಏನೆಂದೇ ತಿಳಿಯುವುದಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಹದಿನಾಲ್ಕು ಬಗೆಯ ಸ್ಟೆರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರದಂತೆ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಕಾನೂನು ಗೆಜೆಟಿನಲ್ಲಿದೆ, ಟ್ಯೂಬು ಗೂಡಿನಲ್ಲಿದೆ. ಅದಕ್ಕೇ ನನ್ನ ಮೊದಲ ಪ್ರಶ್ನೆ: "ಟ್ಯೂಬಿನ ಫೋಟೋ ಕಳಿಸಿ." ಎಷ್ಟೋ ಸಲ ಚರ್ಮದ ಫೋಟೋಕ್ಕಿಂತ ಅದೇ ಹೆಚ್ಚು ಹೇಳುತ್ತದೆ. ಎರಡನೆಯ ಪ್ರಶ್ನೆ: ಮನೆಯಲ್ಲಿ ಇನ್ನಾರಿಗೆ ನವೆ? ಮೂರನೆಯದು: ಉಡಿದಾರ ಇದೆಯೇ? ಬೆವರಲ್ಲಿ ನೆಂದು ಒಣಗದ ಉಡಿದಾರ ಶಿಲೀಂಧ್ರಕ್ಕೆ ತವರುಮನೆ. ಬಿಚ್ಚಿ ಎಂದರೆ ಕೆಲವರು ಶಾಸ್ತ್ರಕ್ಕೆ ಅಂಜುತ್ತಾರೆ. ವಾಸಿಯಾದ ಮೇಲೆ ಹೊಸದು ಕಟ್ಟಿಕೊಳ್ಳಿ ಎಂದರೆ ಒಪ್ಪುತ್ತಾರೆ.

ಇಲ್ಲಿಯವರೆಗೆ ಹೇಳಿದ್ದು ಕನ್ನಡಿಯ ಗುಣ. ಈಗ ನನ್ನದೇ ತಪ್ಪೊಂದನ್ನು ಹೇಳಬೇಕು.

ಹೊಳೆನರಸೀಪುರದ ಕಡೆಯಿಂದ ಒಂದು ಫೋಟೋ ಬಂತು. ಮುಂಗೈ ಮೇಲೆ ರೂಪಾಯಿ ಅಗಲದ ಮಸುಕು ಬಿಳಿ ಕಲೆ. ನವೆಯಿಲ್ಲ, ನೋವಿಲ್ಲ. ಚಿಬ್ಬು ಎಂದು ಮುಲಾಮು ಬರೆದೆ. ತಿಂಗಳ ನಂತರ ಅದೇ ಊರಿನ ಆಶಾ ಕಾರ್ಯಕರ್ತೆ ಫೋನು ಮಾಡಿದರು. "ಸಾರ್, ಆ ಅಣ್ಣನ ಕೈಗೆ ಬೀಡಿ ತಾಗಿ ಬೊಬ್ಬೆ ಬಂದಿದೆ. ಯಾವಾಗ ಸುಟ್ಟಿತು ಅಂದ್ರೆ ಗೊತ್ತೇ ಇಲ್ಲ ಅಂತಾರೆ." ನನ್ನ ಎದೆ ಧಸಕ್ಕೆಂದಿತು. ವಿಡಿಯೊ ಹಾಕಿಸಿ, ಅವರ ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯನ್ನು ಕಲೆಯ ಮೇಲೂ ಪಕ್ಕದ ಒಳ್ಳೆ ಚರ್ಮದ ಮೇಲೂ ಮುಟ್ಟಿಸಿದೆ. ಮುಟ್ಟಿದಾಗ ಬೆರಳಿಟ್ಟು ತೋರಿಸಬೇಕು. ಒಳ್ಳೆ ಚರ್ಮದ ಮೇಲೆ ಪ್ರತಿಸಲ ತೋರಿಸಿದರು. ಕಲೆಯ ಮೇಲೆ ಒಂದು ಸಲವೂ ಇಲ್ಲ. ಮರುದಿನ ಕರೆಸಿ ಮೊಣಕೈ ಹಿಂದಿನ ನರ ಮುಟ್ಟಿ ನೋಡಿದೆ, ಹುರಿಯಂತೆ ದಪ್ಪಗಿತ್ತು. ಕುಷ್ಠ.

2005ರ ಕೊನೆಗೆ ದೇಶಮಟ್ಟದಲ್ಲಿ ಹತ್ತು ಸಾವಿರಕ್ಕೆ ಒಬ್ಬರಿಗಿಂತ ಕಡಿಮೆಯಾಯಿತೆಂದು ನಾವೆಲ್ಲ ಮರೆಯತೊಡಗಿದ ಕಾಯಿಲೆ. ಹೋಗಿಲ್ಲ, ಇದೆ. ಔಷಧಿ ಸರ್ಕಾರದಿಂದ ಪುಕ್ಕಟೆ. ಆರು ತಿಂಗಳೋ ಒಂದು ವರ್ಷವೋ ತಪ್ಪದೆ ನುಂಗಿದರೆ ವಾಸಿ, ನರ ಕೆಡುವ ಮುಂಚೆ ಸಿಕ್ಕರೆ ಅಂಗವೂ ಉಳಿಯುತ್ತದೆ. ಅವರದು ಉಳಿಯಿತು. ಉಳಿಸಿದ್ದು ನನ್ನ ಓದಲ್ಲ, ಆ ಹೆಂಗಸಿನ ಗಮನ. ಜೋಮು ಫೋಟೋದಲ್ಲಿ ಬರುವುದಿಲ್ಲ ಎಂದು ಪಾಠ ಮಾಡುವ ನಾನೇ ಫೋಟೋ ನೋಡಿ ತೀರ್ಪು ಕೊಟ್ಟಿದ್ದೆ. ಅಂದಿನಿಂದ ನನ್ನ ನಿಲುವು ಗಟ್ಟಿಯಾಗಿದೆ: ದೂರದ ಚರ್ಮಚಿಕಿತ್ಸೆ ಇಬ್ಬರ ವ್ಯವಹಾರವಲ್ಲ, ಮೂವರದು. ನನ್ನ ಕಣ್ಣು ಹಳ್ಳಿಗೆ ಹೋಗಬಲ್ಲದು. ಕೈ ಹೋಗಲಾರದು. ಅಲ್ಲಿರುವ ಆಶಾ, ನರ್ಸು, ಸಿಎಚ್‌ಓ, ಇವರಲ್ಲಿ ಒಬ್ಬರ ಕೈ ನನ್ನ ಕೈಯಾಗಬೇಕು. ಆ ಮೂರನೆಯವರಿಲ್ಲದೆ ಆ್ಯಪ್ ಮೇಲೆ ಆ್ಯಪ್ ಬಿಡುವವರ ಉತ್ಸಾಹದಲ್ಲಿ ನನಗೆ ನಂಬಿಕೆಯಿಲ್ಲ.

ಬಣ್ಣದ ವಿಚಾರವೂ ಇದೆ. ಬಿಳಿಯರ ಮೈ ನೋಡಿ ಬರೆದ ಪುಸ್ತಕಗಳಲ್ಲಿ ಉರಿಯೂತ ಎಂದರೆ ಕೆಂಪು. ನಮ್ಮ ಮೈಯಲ್ಲಿ ಅದು ಕೆಂಪಾಗಿ ಕಾಣುವುದಕ್ಕಿಂತ ನೇರಳೆಗೋ ಕಂದಿಗೋ ತಿರುಗುವುದೇ ಹೆಚ್ಚು. "ಕೆಂಪಾಗಿದೆಯಾ?" ಎಂದು ಕೇಳಿದರೆ ಇಲ್ಲ ಎನ್ನುತ್ತಾರೆ, "ಕರಿ ಕಟ್ಟಿದೆಯಾ, ಮುಟ್ಟಿದರೆ ಬಿಸಿಯಾ?" ಎಂದರೆ ಹೌದು ಎನ್ನುತ್ತಾರೆ. ಇದರ ಮೇಲೆ ಫೋನು ಮಾಡುವ ಉಪಕಾರ ಬೇರೆ. ಮುಖ ಕಂಡ ಕೂಡಲೇ ಅದು ತಾನಾಗಿಯೇ ಬೆಳ್ಳಗೆ, ನುಣ್ಣಗೆ ಮಾಡಿಬಿಡುತ್ತದೆ. ಬಂಗು ತೋರಿಸಲು ಫೋಟೋ ಕಳಿಸಿದ ಹುಡುಗಿಯ ಮುಖದಲ್ಲಿ ಬಂಗೇ ಇರಲಿಲ್ಲ, ಮದುವೆ ಆಲ್ಬಂಗೆ ಇಡಬಹುದಿತ್ತು.

ಹಾಗಾಗಿ ಫೋಟೋ ತೆಗೆಯುವ ಬಗೆ ಹೇಳಿಬಿಡುತ್ತೇನೆ. ಕಿಟಕಿಯ ಪಕ್ಕ, ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ. ಸೌಂದರ್ಯದ ಫಿಲ್ಟರ್ ತೆಗೆದುಹಾಕಿ. ಅರಿಶಿನ, ವಿಭೂತಿ, ಮುಲಾಮು ಒರೆಸಿ. ಮೊದಲು ದೂರದಿಂದ, ಮೈಯ ಯಾವ ಭಾಗ ಎಂದು ತಿಳಿಯುವಂತೆ. ಆಮೇಲೆ ಹತ್ತಿರದಿಂದ, ಪಕ್ಕದಲ್ಲೊಂದು ನಾಣ್ಯ ಇಟ್ಟು. ಉಬ್ಬಿದ್ದರೆ ಓರೆಯಿಂದ ಇನ್ನೊಂದು. ವಾಟ್ಸಾಪಿನಲ್ಲಿ ಕಳಿಸಿದರೆ ಚಿತ್ರ ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗೇ ಬರುತ್ತದೆ. ಇಷ್ಟು ಸಾಕು.

ಫೋನು ಯಾರದು ಎಂಬ ಪ್ರಶ್ನೆಗೆ ಮಾತ್ರ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಹಳ್ಳಿಯ ಎಷ್ಟೋ ಮನೆಗಳಲ್ಲಿ ಒಳ್ಳೆಯ ಕ್ಯಾಮೆರಾ ಇರುವ ಫೋನು ಮಗನದು. ಎದೆಯ ಕೆಳಗಿನ, ತೊಡೆಸಂದಿನ ನವೆಯನ್ನು ತಾಯಿ ಮಗನ ಫೋನಿನಲ್ಲಿ ತೆಗೆಸುತ್ತಾಳೆಯೇ? ತೆಗೆಸಿದರೂ ಅದು ಗ್ಯಾಲರಿಯಲ್ಲಿ ಉಳಿಯುತ್ತದೆ, ತಾನಾಗಿಯೇ ಎಲ್ಲೋ ಇನ್ನೊಂದು ಕಡೆ ನಕಲಾಗುತ್ತದೆ. ಒಂದು ಕಾಲಕ್ಕೆ ಡಾ. ಅನುಪಮಾ ನಿರಂಜನ ಅವರ 'ತಾಯಿ ಮಗು'ವಿನಂಥ ಪುಸ್ತಕಗಳನ್ನು ಹೆಂಗಸರು ಯಾರಿಗೂ ಕಾಣದಂತೆ ಓದಿ ತಮ್ಮ ಅನುಮಾನ ಬಗೆಹರಿಸಿಕೊಳ್ಳುತ್ತಿದ್ದರು. ಪುಸ್ತಕ ಗುಟ್ಟು ಕಾಯುತ್ತಿತ್ತು, ಫೋನು ಕಾಯುವುದಿಲ್ಲ. ಗುಪ್ತ ಜಾಗದ ಕಾಯಿಲೆಗೆ ನಾನು ಫೋಟೋ ಕೇಳುವುದಿಲ್ಲ. ಉಪಕೇಂದ್ರಕ್ಕೆ ಹೋಗಿ ಅಲ್ಲಿನ ಹೆಣ್ಣುಮಗಳಿಗೆ ತೋರಿಸಿ, ಅವರು ಬಾಯಿಮಾತಿನಲ್ಲಿ ಹೇಳಲಿ, ಬೇಕಾದರೆ ಖುದ್ದಾಗಿ ಬನ್ನಿ ಎನ್ನುತ್ತೇನೆ.

ಬಸ್ಸಿಗೂ ಕಾಯಬಾರದ, ಫೋಟೋಕ್ಕೂ ನಿಲ್ಲಬಾರದ ಸಂದರ್ಭಗಳಿವೆ. ಹೊಸ ಮಾತ್ರೆ ನುಂಗಿದ ಮೇಲೆ ಜ್ವರ, ಮೈತುಂಬ ದದ್ದು, ಬಾಯಲ್ಲಿ ಹುಣ್ಣು, ಕಣ್ಣು ಉರಿ, ಚರ್ಮ ಸುಲಿಯುವುದು ಕಂಡರೆ 108ಕ್ಕೆ ಫೋನು ಮಾಡಿ, ನುಂಗಿದ ಮಾತ್ರೆಯ ಹಾಳೆಯನ್ನು ಜೊತೆಗೆ ಒಯ್ಯಿರಿ. ಅಂಗಾಲಿನಲ್ಲಿ ಬೆಳೆಯುತ್ತಿರುವ ಕರಿಮಚ್ಚೆಯನ್ನು ಫೋನಿನಲ್ಲಿ ನಾನು ಚೆನ್ನಾಗಿದೆ ಎನ್ನಲಾರೆ, ಬರಲೇಬೇಕು. ಸರ್ಪಸುತ್ತಿನದು ಇದಕ್ಕೆ ತಿರುಗುಮುರುಗು. ಗುಳ್ಳೆ ಎದ್ದ 72 ಗಂಟೆಯೊಳಗೆ ಮಾತ್ರೆ ಶುರುವಾದರೆ ಒಳ್ಳೆಯದು. ನಮ್ಮವರು ಆ ಮೂರು ದಿನವನ್ನು ಕಾವಿ ಹಚ್ಚಿಸುವುದರಲ್ಲಿ, ಹೆಡೆ ಬಾಲ ಕೂಡಿದರೆ ಜೀವಕ್ಕೆ ಅಪಾಯ ಎಂಬ ಹೆದರಿಕೆಯಲ್ಲಿ ಕಳೆಯುತ್ತಾರೆ. ಕಾವಿ ಹಚ್ಚಿಸಿಕೊಳ್ಳುವುದಾದರೆ ಹಚ್ಚಿಸಿಕೊಳ್ಳಿ, ಆದರೆ ಅದಕ್ಕೆ ಮುಂಚೆ ಒಂದು ಫೋಟೋ ಕಳಿಸಿ. ಅವತ್ತೇ ಚಿಕಿತ್ಸೆ ಹೇಳಬಹುದಾದ ಕಾಯಿಲೆ ಅದು. ಕಣ್ಣಿನ ಹತ್ತಿರ ಬಂದಿದ್ದರೆ ಮಾತ್ರ ಆ ದಿನವೇ ಹೊರಡಬೇಕು.

ಈ ಸಭೆಯಲ್ಲಿ ಪಂಚಾಯಿತಿಯವರು ಇದ್ದೀರಿ. ನಿಮ್ಮಲ್ಲಿ ನನ್ನದೊಂದು ಬೇಡಿಕೆ. ನಿಮ್ಮೂರಿನ ಉಪಕೇಂದ್ರದಲ್ಲಿ ಕಿಟಕಿಯ ಪಕ್ಕ ಒಂದು ಕುರ್ಚಿ ಹಾಕಿಸಿ. ಹಿಂದಕ್ಕೆ ನೀಲಿ ಬಟ್ಟೆ, ಮುಂದಕ್ಕೆ ಮರೆಗೊಂದು ಪರದೆ, ಮೇಜಿನ ಮೇಲೆ ಸ್ಕೇಲು ಮತ್ತು ಹತ್ತಿ. ಕೇಂದ್ರದ್ದೇ ಆದ ಒಂದು ಫೋನು, ಯಾರ ಮಗನದೂ ಅಲ್ಲದ್ದು. ಆಶಾ ಕಾರ್ಯಕರ್ತೆಯರಿಗೆ ಹತ್ತಿ ಮುಟ್ಟಿಸಿ ನೋಡುವುದನ್ನು, ನರ ಹಿಡಿದು ನೋಡುವುದನ್ನು ಕಲಿಸಲು ನಾನು ಯಾವ ಶನಿವಾರ ಕರೆದರೂ ಬರುತ್ತೇನೆ, ಬಸ್ ಚಾರ್ಜು ಕೂಡ ಬೇಡ.

ಪ್ರಶ್ನೆಗಳಿದ್ದರೆ ಈಗ ಕೇಳಬಹುದು. ಕೈಕಾಲು ತೋರಿಸಬೇಕೆಂದಿರುವವರು ಮಾತ್ರ ಸಭೆ ಮುಗಿದ ಮೇಲೆ ಹೊರಗಿನ ಜಗಲಿಗೆ ಬನ್ನಿ. ಈ ಟ್ಯೂಬ್‌ಲೈಟಿನಲ್ಲಿ ನನಗೆ ಏನೂ ಕಾಣುವುದಿಲ್ಲ.